ತಣ್ಣೀರಿನ ಸ್ಲಾಟ್ ಕ್ಯಾನ್ಯನ್‌ಗೆ ವೆಟ್‌ಸೂಟ್: 4/3 ಸಾಕೇ, 5 ಮಿ.ಮೀ. ಬೇಕೇ?

ಕಲ್ಲುಸಂದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯ ವಾರ ಯೂಟಾದ ಝಯಾನ್ ನ್ಯಾಷನಲ್ ಪಾರ್ಕ್‌ನಲ್ಲಿ ಪೈನ್ ಕ್ರೀಕ್ ಮತ್ತು ಮೇಲಿನಿಂದ ಇಳಿಯುವ ಸಬ್‌ವೇ ಎಂಬ ಎರಡು ಸ್ಲಾಟ್ ಕ್ಯಾನ್ಯನ್ (ಕಿರಿದಾದ, ಆಳದ ಕಲ್ಲಿನ ಸಂದಿ) ಮಾಡುವುದೆಂದು ಗೊತ್ತಾಗಿದೆ. ಪರ್ಮಿಟ್ ಸಿಕ್ಕರೆ ಇಮ್ಲೇ ಎಂಬ ಕ್ಯಾನ್ಯನ್ನನ್ನೂ ಸೇರಿಸಿಕೊಳ್ಳುವ ಯೋಚನೆ ಇದೆ. ಐದು ಜನರ ಗುಂಪು, ಹಗ್ಗದ ಕೆಲಸ ಎಲ್ಲರಿಗೂ ಬರುತ್ತದೆ. ತಣ್ಣೀರಿನ ಉಡುಪಿನ, ಅಂದರೆ ಮೈಗಂಟುವ ರಬ್ಬರಿನ ವೆಟ್‌ಸೂಟಿನ ವಿಷಯದಲ್ಲಿ ಮಾತ್ರ ಗೊಂದಲ.

ನನ್ನ ಅಳತೆ: ಎತ್ತರ 172 ಸೆಂ.ಮೀ., ತೂಕ 61 ಕಿಲೋ, ಎದೆ 90 ಸೆಂ.ಮೀ. ಕೈಯಲ್ಲಿರುವುದು 3/2 (ಮುಂಡಕ್ಕೆ 3 ಮಿ.ಮೀ., ಕೈಕಾಲಿಗೆ 2 ಮಿ.ಮೀ. ದಪ್ಪ) ಸರ್ಫಿಂಗ್ ಸೂಟ್. ಇದು ಸಾಲುವುದಿಲ್ಲ ಅನ್ನುವುದು ಗೊತ್ತು. 4/3 ತೆಗೆದುಕೊಳ್ಳಬೇಕೋ, 5 ಮಿ.ಮೀ.ಗೆ ಹೋಗಬೇಕೋ? ಸರ್ಫಿಂಗ್ ಸೂಟಿಗೂ ಡೈವಿಂಗ್ ಸೂಟಿಗೂ ಕ್ಯಾನ್ಯನ್‌ನಲ್ಲಿ ವ್ಯತ್ಯಾಸ ಕಾಣುತ್ತದೆಯೇ? ಜಿಪ್ ಮುಂದೆ ಇರಬೇಕೋ ಹಿಂದೆಯೋ? ಟೋಪಿ, ಕೈಗವಸು, ಸಾಕ್ಸ್ ಬಗ್ಗೆಯೂ ಹೇಳಿ.

ಮಡುವಿನಂಚು ಉತ್ತರ:

ದಪ್ಪ ಎಷ್ಟಿರಬೇಕು ಅನ್ನುವುದಕ್ಕೆ ಮುಂಚೆ, ಎಷ್ಟು ಹೊತ್ತು ಸುಮ್ಮನೆ ನಿಲ್ಲಬೇಕಾಗುತ್ತದೆ ಎಂದು ಲೆಕ್ಕ ಹಾಕಿ. ಈಜುವಾಗ ಮೈ ಕೆಲಸ ಮಾಡುತ್ತಿರುತ್ತದೆ, ಹೇಗೋ ತಡೆದುಕೊಳ್ಳುತ್ತದೆ. ಈಜಿ ಮುಗಿಸಿ, ಬಿಸಿಲೇ ಬೀಳದ ಸಂದಿಯಲ್ಲಿ, ಒದ್ದೆ ಮೈಯಲ್ಲಿ ಮುಂದಿನ ರಾಪೆಲ್‌ಗೆ (ಹಗ್ಗದ ಮೇಲೆ ಇಳಿಯುವುದಕ್ಕೆ) ಸರದಿ ಕಾಯುವಾಗ ಚಳಿ ಹತ್ತುತ್ತದೆ. ನೀವು ಐದು ಜನ. ಒಬ್ಬರು ಇಳಿದು ಹಗ್ಗ ಬಿಡುವುದಕ್ಕೆ ಆರು ನಿಮಿಷ ಹಿಡಿಯಿತು ಅಂದುಕೊಂಡರೂ ಕೊನೆಯವರು ಮೇಲೆ 24 ನಿಮಿಷ ಕಾಯುತ್ತಾರೆ. ಮೊದಲು ಇಳಿದವರು ಕೆಳಗೆ ಅಷ್ಟೇ ಹೊತ್ತು ಕಾಯುತ್ತಾರೆ, ಕೆಲವೊಮ್ಮೆ ಸೊಂಟಮಟ್ಟದ ನೀರಿನಲ್ಲಿ. ಒಂದು ಕ್ಯಾನ್ಯನ್‌ನಲ್ಲಿ ಇಂಥ ರಾಪೆಲ್ ಐದಾರು ಇದ್ದರೆ ಕಾಯುವುದೇ ಎರಡು ಗಂಟೆ ದಾಟುತ್ತದೆ. ಸೂಟ್ ಆರಿಸಬೇಕಾದದ್ದು ಈ ಎರಡು ಗಂಟೆಗೆ.

ವೆಟ್‌ಸೂಟ್ ಒಳಗಿನ ನೀರು ಬೆಚ್ಚಗಾಗಿ ನಮ್ಮನ್ನು ಕಾಪಾಡುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಕಾಪಾಡುವುದು ನಿಯೋಪ್ರೀನ್ (ಸೂಟಿನ ನೊರೆರಬ್ಬರ್) ಒಳಗೆ ಸಿಕ್ಕಿಕೊಂಡಿರುವ ಅನಿಲದ ಗುಳ್ಳೆಗಳು. ಒಳಗಿನ ನೀರು ಬರಿಯ ಅನಿವಾರ್ಯ ಅತಿಥಿ. ಅದು ಎಷ್ಟು ಕಡಿಮೆ ಇದ್ದರೆ, ಎಷ್ಟು ಅಲ್ಲಾಡದೆ ಇದ್ದರೆ ಅಷ್ಟು ಒಳ್ಳೆಯದು. ಪ್ರತಿ ಸಲ ಹೊಂಡಕ್ಕೆ ಧುಮುಕಿದಾಗ ಕುತ್ತಿಗೆಯಿಂದ ಹೊಸ ತಣ್ಣೀರು ನುಗ್ಗಿ ಬೆನ್ನಿನಗುಂಟ ಇಳಿದರೆ, ಆ ಸೂಟ್ 7 ಮಿ.ಮೀ. ಇದ್ದರೂ ವ್ಯರ್ಥ. ಹಾಗಾಗಿ ಮೈಗೆ ಸರಿಯಾಗಿ ಕೂರುವ 4/3, ಸಡಿಲವಾದ 5ಕ್ಕಿಂತ ಮೇಲು.

ಈಗ ದಪ್ಪದ ವಿಷಯ. 4/3 ಅಂದರೆ ಮುಂಡದ ಮೇಲೆ 4 ಮಿ.ಮೀ., ಕೈಕಾಲಿನ ಮೇಲೆ 3. ನೀರು 18 ಡಿಗ್ರಿ ಸೆಲ್ಸಿಯಸ್ ಮೇಲಿದ್ದು, ಈಜು ಒಂದೆರಡೇ ಇದ್ದರೆ ನಿಮ್ಮ 3/2 ನಡೆಯುತ್ತದೆ. 13ರಿಂದ 17 ಡಿಗ್ರಿಗೆ 4/3. 10ರಿಂದ 13 ಡಿಗ್ರಿ ಇದ್ದು ದಿನವಿಡೀ ಒಳಗೇ ಇರಬೇಕಾದರೆ 5/4, ಇಲ್ಲವೇ 4/3 ಒಳಗೆ ಟೋಪಿ ಇರುವ 2 ಮಿ.ಮೀ. ವೆಸ್ಟ್. ಹತ್ತಕ್ಕಿಂತ ಕೆಳಗಾದರೆ 5 ಮಿ.ಮೀ. ಮೇಲೆ ಇನ್ನೊಂದು ಪದರ ಅಥವಾ ಡ್ರೈಸೂಟ್ (ನೀರು ಒಳಗೇ ಬರದಂತೆ ಮುಚ್ಚಿದ ಉಡುಪು). ಸರ್ಫಿಂಗ್ ಕೋಷ್ಟಕಗಳನ್ನು ನೋಡಿ ನಿರ್ಧರಿಸಬೇಡಿ. ಅವು ಬಿಸಿಲಲ್ಲಿ ಕೈ ಬೀಸುತ್ತ ಇರುವವರಿಗೆ. ಕ್ಯಾನ್ಯನ್‌ಗೆ ಒಂದು ಮೆಟ್ಟಿಲು ದಪ್ಪವನ್ನೇ ಹಿಡಿಯಿರಿ.

ನಿಮ್ಮದು ತೆಳು ಮೈ, 61 ಕಿಲೋ. ಒಂದೇ ಸೂಟ್ ಕೊಳ್ಳುವುದಾದರೆ ನನ್ನ ಮತ: 4/3 ಮತ್ತು ಟೋಪಿ ವೆಸ್ಟ್. ಸಬ್‌ವೇಗೆ ವೆಸ್ಟ್ ಚೀಲದಲ್ಲಿರಲಿ, ಪೈನ್ ಕ್ರೀಕ್‌ಗೆ ತೊಟ್ಟುಕೊಳ್ಳಿ. ಪೈನ್ ಕ್ರೀಕ್ ಚಿಕ್ಕದು ಎಂದು ಹಗುರವಾಗಿ ನೋಡುವವರಿದ್ದಾರೆ. ಅದರ ಕತ್ತಲ ಭಾಗದಲ್ಲಿ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ, ಜೊತೆಗೆ ಮುಂದೆ ಹೋದ ಗುಂಪುಗಳ ಹಿಂದೆ ಕಾಯುವುದು ಮಾಮೂಲು. ಇಮ್ಲೇಗೆ ಈ ಜೋಡಿಯೂ ಅಂಚಿನಲ್ಲೇ ಇರುತ್ತದೆ. ಅಲ್ಲಿ ಹತ್ತಿ ಹೊರಬರಲು ಕಷ್ಟವಾದ ಹೊಂಡಗಳು ಒಂದರ ಹಿಂದೆ ಒಂದು ಬರುತ್ತವೆ. ನೀರಿನ ಮಟ್ಟ ಇಳಿದಿದ್ದರೆ ಒಂದೊಂದು ಹೊಂಡದ ತುಟಿ ಕೈಗೆ ಸಿಗದೆ ಹೊತ್ತು ಹೋಗುತ್ತದೆ, ಅಷ್ಟೂ ಹೊತ್ತು ನೀರಲ್ಲೇ.

ಇನ್ನೊಂದು. ಇದಕ್ಕೆ ಕಾಸು ಕಡಿಮೆ, ಪ್ರಯೋಜನ ಜಾಸ್ತಿ: ಗಾಳಿ ತಡೆಯುವ ತೆಳು ನೈಲಾನ್ ಜಾಕೆಟ್. ಬಟ್ಟೆ ಹೊದಿಕೆಯ ನಿಯೋಪ್ರೀನ್ ಹೊರಮೈಯಲ್ಲಿ ನೀರು ಹಿಡಿದುಕೊಳ್ಳುತ್ತದೆ, ಸಂದಿಯಲ್ಲಿ ಬೀಸುವ ಗಾಳಿಗೆ ಅದು ಆವಿಯಾಗುತ್ತ ಶಾಖ ಕದಿಯುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಬೇಕು. ಅರ್ಧ ಗಂಟೆಯಲ್ಲಿ 100 ಗ್ರಾಂ ಆರಿದರೆ 130 ವ್ಯಾಟ್‌ಗೂ ಮೇಲೆ. ಸುಮ್ಮನೆ ಕೂತ ಮನುಷ್ಯನ ಮೈ ಹುಟ್ಟಿಸುವ ಶಾಖ ಸುಮಾರು 100 ವ್ಯಾಟ್. ಅಷ್ಟೂ ಮೈಯಿಂದಲೇ ಹೋಗುವುದಿಲ್ಲ, ಗಾಳಿಯಿಂದಲೂ ಸ್ವಲ್ಪ ಬರುತ್ತದೆ, ಆದರೂ ಲೆಕ್ಕ ನಿಮ್ಮ ಪರ ಇಲ್ಲ. ನೀರಿಂದ ಹೊರಬಂದ ಕೂಡಲೇ ಸೂಟಿನ ಮೇಲೆ ಜಾಕೆಟ್ ಎಳೆದುಕೊಂಡು, ಅದರ ಮೇಲೆ ಹಾರ್ನೆಸ್ (ಹಗ್ಗಕ್ಕೆ ಸಿಕ್ಕಿಸಿಕೊಳ್ಳುವ ಸೊಂಟ-ತೊಡೆಯ ಪಟ್ಟಿ) ಬರುವಂತೆ ಅಭ್ಯಾಸ ಮಾಡಿಕೊಳ್ಳಿ.

ಹಗ್ಗದ ತುದಿ ಉತ್ತರ:

ಮಡುವಿನಂಚು ಅವರು ಹೇಳಿದ ಕಾಯುವ ಲೆಕ್ಕ ಒಪ್ಪಿದೆ. 4/3 ಜೊತೆ ವೆಸ್ಟ್ ಅನ್ನುವುದಕ್ಕೆ ಮಾತ್ರ ಪೂರ್ತಿ ಒಪ್ಪಿಗೆ ಇಲ್ಲ. ಅಂಗಡಿಯಲ್ಲಿ ಸಿಗುವ 4/3ಗಳಲ್ಲಿ ಬಹುಪಾಲು ಸರ್ಫಿಂಗ್‌ಗೆ ಮಾಡಿದವು. ಅವುಗಳ ನಿಯೋಪ್ರೀನ್ ತುಂಬ ಮೃದು, ಗುಳ್ಳೆ ಹೆಚ್ಚು, ಚೆನ್ನಾಗಿ ಹಿಗ್ಗುತ್ತದೆ. ಸಮುದ್ರದಲ್ಲಿ ಅದೇ ಬೇಕು. ಮರಳುಗಲ್ಲಿನ ಗೋಡೆಗೆ ಬೆನ್ನು, ಮೊಣಕಾಲು ಒತ್ತಿ ಇಳಿಯುವಾಗ ಅದು ಮರಳು ಕಾಗದಕ್ಕೆ ಉಜ್ಜಿದಂತೆಯೇ ಸವೆಯುತ್ತದೆ, ಒಂದೇ ದಿನದಲ್ಲಿ ಕೂರುವ ಜಾಗದಲ್ಲಿ ತೂತು ಬೀಳಬಹುದು. ಡೈವಿಂಗ್‌ಗೆ ಮಾಡಿದ 5 ಮಿ.ಮೀ. ಗಟ್ಟಿ, ಒತ್ತಿದರೆ ಬೇಗ ಚಪ್ಪಟೆಯಾಗದು, ಮೊಣಕಾಲಿಗೆ ಪಟ್ಟಿ ಇರುತ್ತದೆ. ಬಿಗಿ ಅನ್ನಿಸುತ್ತದೆ, ನಿಜ. ಆದರೆ ಮೂರನೆಯ ಕ್ಯಾನ್ಯನ್‌ಗೂ ಉಳಿದಿರುತ್ತದೆ. ಕ್ಯಾನ್ಯನಿಂಗ್‌ಗೆಂದೇ ಮಾಡಿದ ಸೂಟುಗಳಲ್ಲಿ ಮೊಣಕಾಲು, ಮೊಣಕೈ, ಆಸನಕ್ಕೆ ಗಟ್ಟಿ ನೇಯ್ಗೆಯ ತೇಪೆ, ಮುಂದೆ ಜಿಪ್, ಅಂಟಿಕೊಂಡೇ ಇರುವ ಟೋಪಿ ಬರುತ್ತವೆ. ಸಿಕ್ಕಿದರೆ ಅದೇ.

ಹೊರಮೈ ನುಣುಪು ರಬ್ಬರ್ ಇರುವ ಸೂಟು ಗಾಳಿಗೆ ಬೇಗ ಆರುತ್ತದೆ, ಚಳಿ ಕಡಿಮೆ. ಆದರೆ ಉಗುರು ತಾಗಿದರೂ ಹರಿಯುತ್ತದೆ. ಎರಡೂ ಬದಿಗೆ ನೈಲಾನ್ ಬಟ್ಟೆ ಇರುವುದನ್ನೇ ತೆಗೆದುಕೊಂಡು ಜಾಕೆಟ್ ಹಾಕಿಕೊಳ್ಳಿ.

ಹೊಲಿಗೆ ನೋಡದೆ ಕೊಳ್ಳಬೇಡಿ. ಒಳಗೂ ಹೊರಗೂ ಚಪ್ಪಟೆಯಾಗಿ ರೈಲು ಹಳಿಯ ಹಾಗೆ ಕಾಣುವ ಹೊಲಿಗೆ ಇದ್ದರೆ ಸೂಜಿ ನಿಯೋಪ್ರೀನನ್ನು ಪೂರ್ತಿ ತೂರಿ ಹೋಗಿದೆ ಎಂದರ್ಥ. ಪ್ರತಿ ತೂತಿನಿಂದಲೂ ನೀರು ಒಸರುತ್ತದೆ. ತಣ್ಣೀರಿಗೆ ಬೇಕಾದದ್ದು ಅಂಚುಗಳನ್ನು ಮೊದಲು ಅಂಟಿಸಿ, ಆಮೇಲೆ ಸೂಜಿ ಅರ್ಧ ದಪ್ಪಕ್ಕೆ ಮಾತ್ರ ಇಳಿಯುವಂತೆ ಹೊಲಿದದ್ದು. ಒಳಗಡೆಯಿಂದ ಟೇಪ್ ಹಾಕಿದ್ದರೆ ಇನ್ನೂ ಒಳ್ಳೆಯದು.

ಜಿಪ್: ಬೆನ್ನ ಮೇಲಿನ ಜಿಪ್ ಹಾಕಿಕೊಳ್ಳಲು ಸುಲಭ, ಆದರೆ ಅದು ಬೆನ್ನಿಗೆ ನೀರು ಬಿಡುತ್ತದೆ, ಗೋಡೆಗೆ ಬೆನ್ನು ಒತ್ತಿದಾಗ ಹಲ್ಲುಗಳು ಕಲ್ಲಿಗೆ ಉಜ್ಜುತ್ತವೆ, ಚೀಲ ಹೊತ್ತರೆ ಬೆನ್ನೆಲುಬಿಗೆ ಒತ್ತುತ್ತದೆ. ಮುಂದಿನ ಜಿಪ್ ಇದ್ದರೆ ಬಿಸಿಲಿನ ಭಾಗ ಬಂದಾಗ ಎದೆ ತೆರೆದುಕೊಳ್ಳಬಹುದು. ಮೂತ್ರಕ್ಕೆ ಬೇರೆ ಜಿಪ್ ಇದೆಯೇ ಎಂದೂ ನೋಡಿ. ಚಳಿಗೆ ಮೂತ್ರ ಪದೇಪದೇ ಬರುತ್ತದೆ, ಹಾರ್ನೆಸ್ ಬಿಚ್ಚಿ ಸೂಟ್ ಇಳಿಸುವುದು ಇಕ್ಕಟ್ಟಿನಲ್ಲಿ ಆಗುವ ಕೆಲಸವಲ್ಲ.

ತೊಟ್ಟು ನೋಡುವ ಕ್ರಮ ಹೀಗೆ. ಮೊದಲು ಎದೆಯ ಅಳತೆಗೆ ಹೊಂದಿಸಿ, ಆಮೇಲೆ ಎತ್ತರ, ತೂಕ ಕೊನೆಗೆ. ಪಾದಕ್ಕೆ ಪ್ಲಾಸ್ಟಿಕ್ ಕೈಚೀಲ ಸಿಕ್ಕಿಸಿಕೊಂಡರೆ ಕಾಲು ಜಾರಿ ಒಳಹೋಗುತ್ತದೆ, ಕೈಗೂ ಹಾಗೇ. ಸೂಟನ್ನು ಉಗುರಿನಿಂದ ಎಳೆಯಬೇಡಿ, ಬೆರಳ ತಿರುಳಿನಿಂದ ಮೇಲಕ್ಕೆ ಸರಿಸುತ್ತ ಬನ್ನಿ. ತೊಡೆಸಂದಿಗೆ ಪೂರ್ತಿ ಹತ್ತಿಸದೆ ಭುಜಕ್ಕೆ ಎಳೆದರೆ ಯಾವ ಸೂಟೂ ಗಿಡ್ಡ ಅನ್ನಿಸುತ್ತದೆ. ಹಾಕಿಕೊಂಡ ಮೇಲೆ ನೀರು ತುಂಬಿಕೊಳ್ಳುವ ನಾಲ್ಕು ಜಾಗ ನೋಡಿ: ಸೊಂಟದ ಹಿಂದಿನ ಕುಳಿ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ. ಸೊಂಟದ ಹಿಂದೆ ಚಿವುಟಿ ಎಳೆದರೆ ಹಿಡಿಗೆ ಬಟ್ಟೆ ಸಿಗಬಾರದು. ಎರಡೂ ಕೈ ತಲೆಯ ಮೇಲೆತ್ತಿ, ಕುಕ್ಕರುಗಾಲಲ್ಲಿ ಕೂತು, ಒಂದು ಕಾಲನ್ನು ಸೊಂಟದ ಎತ್ತರಕ್ಕೆ ಎತ್ತಿ, ಎರಡು ಕೈಗಳನ್ನು ಅಡ್ಡಲಾಗಿ ಚಾಚಿ ಗೋಡೆ ಒತ್ತುವ ಭಂಗಿಯಲ್ಲಿ ಒಂದು ನಿಮಿಷ ನಿಲ್ಲಿ. ಮುಂಗೈ ಸ್ನಾಯು ಉರಿಯಲು ಶುರುವಾದರೆ ತೋಳು ಬಿಗಿ. ಹಗ್ಗ ಹಿಡಿಯುವ ಕೈ ಅದು, ರಾಜಿ ಬೇಡ. ಎದೆ ತುಂಬ ಉಸಿರು ಎಳೆಯಲು ಆಗಬೇಕು. ಕುತ್ತಿಗೆ ಮುಚ್ಚಿರಬೇಕು, ಹಿಸುಕಬಾರದು. ಕುತ್ತಿಗೆಯ ಪಕ್ಕದ ರಕ್ತನಾಳ ಒತ್ತಿದರೆ ತಲೆ ಸುತ್ತಿ ಕಣ್ಣು ಕತ್ತಲಾಗುತ್ತದೆ. ಒಣಗಿದ್ದಾಗ ತುಸು ಬಿಗಿ ಎನ್ನಿಸುವುದು ಸರಿ, ನೆನೆದ ಮೇಲೆ ಸ್ವಲ್ಪ ಸಡಿಲಿಸುತ್ತದೆ.

"ಒಳಗೆ ಇನ್ನೊಂದು ಬಟ್ಟೆ ಹಾಕೋಣ" ಎಂದು ಒಂದು ಸೈಜ್ ದೊಡ್ಡದು ಕೊಳ್ಳಲೇಬೇಡಿ. ಒಳಗಿನ ಫ್ಲೀಸ್ ನೆನೆದರೆ ಅದು ನೀರನ್ನು ಹಿಡಿದಿಡುವ ಸ್ಪಂಜು ಅಷ್ಟೇ. ಹತ್ತಿಯಂತೂ ಬೇಡವೇ ಬೇಡ.

ಕಲ್ಲುಸಂದಿ:

ಇಬ್ಬರಿಗೂ ಧನ್ಯವಾದ. ಎರಡು ಸಂಶಯ ಉಳಿದವು. ಒಂದು, ತೋಳಿಲ್ಲದ ಉದ್ದ ಸೂಟ್ ಮತ್ತು ಮೇಲೊಂದು ನಿಯೋಪ್ರೀನ್ ಜಾಕೆಟ್, ಹೀಗೆ ಎರಡು ತುಂಡಿನದು ಹೇಗೆ? ಇನ್ನೊಂದು, ನೇರವಾಗಿ ಡ್ರೈಸೂಟಿಗೇ ಹೋದರೆ ಈ ತಲೆನೋವೆಲ್ಲ ತಪ್ಪುವುದಿಲ್ಲವೇ?

ನೀರ್ಗಂಟು ಉತ್ತರ:

ಎರಡು ತುಂಡಿನದು ಸ್ಲಾಟ್ ಕ್ಯಾನ್ಯನ್‌ಗೆ ಹೇಳಿ ಮಾಡಿಸಿದ್ದು ಅನ್ನಬಹುದು. ಮುಂಡದ ಮೇಲೆ ಎರಡು ಪದರ ಬೀಳುತ್ತದೆ: 5 ಮಿ.ಮೀ. ಸೂಟ್ ಮೇಲೆ 5 ಮಿ.ಮೀ. ಜಾಕೆಟ್ ಅಂದರೆ ಎದೆ ಬೆನ್ನಿಗೆ 10 ಮಿ.ಮೀ., ಕೈಕಾಲಿಗೆ 5. ಒಣ ಭಾಗ ಬಂದಾಗ ಜಾಕೆಟ್ ಬಿಚ್ಚಿ ಚೀಲಕ್ಕೆ. ಹೊರಗೆ 35 ಡಿಗ್ರಿ, ಒಳಗೆ 10 ಡಿಗ್ರಿ ಎಂಬಂಥ ಜಾಗದಲ್ಲಿ ಈ ಅನುಕೂಲ ಸಣ್ಣದಲ್ಲ. ತೊಂದರೆಯೂ ಇದೆ. ಜಾಕೆಟಿನ ಕೆಳ ಅಂಚಿನಿಂದ ನೀರು ನುಗ್ಗುತ್ತದೆ, ಅದಕ್ಕೆ ತೊಡೆಸಂದಿನ ಕೆಳಗೆ ಹಾದು ಮುಂದೆ ಸಿಕ್ಕಿಸುವ ಪಟ್ಟಿ ಇರುವುದನ್ನೇ ಆರಿಸಿ. ಮತ್ತೆ, 10 ಮಿ.ಮೀ. ಹಿಂದೆ ಮುಂದೆ ಸೇರಿದರೆ ಎದೆಯ ದಪ್ಪ 2 ಸೆಂ.ಮೀ. ಹೆಚ್ಚಾಗುತ್ತದೆ. ತೀರ ಇಕ್ಕಟ್ಟಾದ ಕಡೆ ಈ 2 ಸೆಂ.ಮೀ. ಲೆಕ್ಕಕ್ಕೆ ಬರುತ್ತದೆ. ನಿಯೋಪ್ರೀನ್ ಕಲ್ಲನ್ನು ಕಚ್ಚಿಕೊಳ್ಳುವುದರಿಂದ ಅಡ್ಡ ಸರಿಯುವುದೂ ಕಷ್ಟ.

ಡ್ರೈಸೂಟ್ ತಲೆನೋವು ತಪ್ಪಿಸುವುದಿಲ್ಲ, ಬದಲಿಸುತ್ತದೆ. ಅದರ ಹೊರಕವಚಕ್ಕೆ ಸ್ವಂತ ಬಿಸುಪಿಲ್ಲ. ಬೆಚ್ಚಗಿಡುವುದು ಒಳಗೆ ಹಾಕಿದ ಉಣ್ಣೆ, ಫ್ಲೀಸ್. ಮರಳುಗಲ್ಲಿಗೆ ಒಂದು ಕಡೆ ತೂತಾದರೆ ಆ ಬಟ್ಟೆಯೆಲ್ಲ ನೆನೆದು, ಕಾಲಿನ ಭಾಗದಲ್ಲಿ ನೀರು ತುಂಬಿಕೊಳ್ಳುತ್ತದೆ. ನೀರಲ್ಲಿದ್ದಷ್ಟು ಹೊತ್ತು ಅದು ಭಾರ ಅನ್ನಿಸದು, ಹೊಂಡದ ಅಂಚು ಹತ್ತುವಾಗ ಗೊತ್ತಾಗುತ್ತದೆ. ವೆಟ್‌ಸೂಟಿನಲ್ಲಿ ತೂತು ಬಿದ್ದರೆ ಆ ಜಾಗ ಮಾತ್ರ ತಣ್ಣಗಾಗುತ್ತದೆ, ಉಳಿದದ್ದು ಕೆಲಸ ಮಾಡುತ್ತಲೇ ಇರುತ್ತದೆ. ಕುತ್ತಿಗೆ, ಮಣಿಕಟ್ಟಿನ ಲೇಟೆಕ್ಸ್ ಪಟ್ಟಿಗಳು ಬಿಸಿಲಿಗೆ, ವಯಸ್ಸಿಗೆ ಹರಿಯುತ್ತವೆ. ಉದ್ದ ಈಜು, ಹರಿಯುವ ಕೊರೆಯುವ ನೀರು, ಅಗಲವಾದ ದಾರಿ ಇದ್ದರೆ ಡ್ರೈಸೂಟ್ ಸರಿ. ಝಯಾನ್‌ನಲ್ಲೇ ಕೋಲೊಬ್ ಕ್ಯಾನ್ಯನ್ ಅಂಥದ್ದು, ಮೇಲಿನ ಜಲಾಶಯದಿಂದ ಬಿಟ್ಟ ನೀರು ಅಲ್ಲಿ ಹರಿಯುತ್ತದೆ. ಮೈ ಉಜ್ಜಿಕೊಂಡು ಇಳಿಯುವ ಸಂದಿಗೆ ಅದನ್ನು ಒಯ್ಯುವುದಾದರೆ ಮೇಲೊಂದು ಗಟ್ಟಿ ಹಳೇ ಪ್ಯಾಂಟು, ಅಂಗಿ ಹಾಕಿಕೊಂಡೇ ಒಯ್ಯಬೇಕು. ಈ ಮಾತು ವೆಟ್‌ಸೂಟಿಗೂ ಅನ್ವಯಿಸುತ್ತದೆ: ಮೇಲೊಂದು ಹಳೇ ನೈಲಾನ್ ಪ್ಯಾಂಟು ಇದ್ದರೆ ಸೂಟಿನ ಆಯಸ್ಸು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಜೇಬಿನಲ್ಲಿ ನೀರು ತುಂಬದಂತೆ ತೂತು ಮಾಡಿಬಿಡಿ.

ಇನ್ನು ಕೈಕಾಲು, ತಲೆ.

ಸಾಕ್ಸ್ 3 ಮಿ.ಮೀ., ಹೊಲಿಗೆ ಅಂಟಿಸಿದ್ದು. ಸೂಟಿನ ಕಾಲಿನ ತುದಿ ಸಾಕ್ಸಿನ ಮೇಲೆ ಬರಬೇಕು. ಉಲ್ಟಾ ಹಾಕಿದರೆ ಧುಮುಕಿದಾಗ ನೀರು ನೇರ ಸಾಕ್ಸಿನೊಳಗೆ ಇಳಿದು ತುಂಬಿಕೊಳ್ಳುತ್ತದೆ. ಶೂ ಅರ್ಧದಿಂದ ಒಂದು ಸೈಜ್ ದೊಡ್ಡದಿರಲಿ. ಬಿಗಿ ಶೂನಲ್ಲಿ ರಕ್ತ ಓಡದೆ, ಸಾಕ್ಸ್ ಎಷ್ಟು ದಪ್ಪ ಇದ್ದರೂ ಬೆರಳು ಮರಗಟ್ಟುತ್ತದೆ.

ಟೋಪಿ 2-3 ಮಿ.ಮೀ., ವೆಸ್ಟಿಗೋ ಸೂಟಿಗೋ ಅಂಟಿಕೊಂಡಿರುವುದು. ಬಿಡಿ ಟೋಪಿಯ ಕೆಳ ಅಂಚು ಕುತ್ತಿಗೆಯಲ್ಲಿ ಸೇರದೆ ನೀರು ಬಿಡುತ್ತದೆ. ಟೋಪಿ ಹಾಕಿಕೊಂಡೇ ಹೆಲ್ಮೆಟ್ ಪಟ್ಟಿ ಹೊಂದಿಸಿ. ಕಿವಿ ಮುಚ್ಚುವುದರಿಂದ ಕೂಗು ಕೇಳಿಸುವುದಿಲ್ಲ, ಹಗ್ಗ ಬಿಟ್ಟೆ ಅನ್ನುವುದಕ್ಕೆ ಸೀಟಿಯ ಸನ್ನೆ ಮೊದಲೇ ಗೊತ್ತು ಮಾಡಿಕೊಳ್ಳಿ.

ಕೈಗವಸು 2 ಮಿ.ಮೀ.ಗಿಂತ ದಪ್ಪ ಬೇಡ. ಕ್ಯಾರಬಿನರ್ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿ) ತೆರೆಯಲು, ಗಂಟು ಬಿಚ್ಚಲು ಆಗದ ಕೈಗವಸು ಬೆಚ್ಚಗಿದ್ದೇನು ಬಂತು? ಒದ್ದೆ ಮರಳು ಹತ್ತಿದ ಹಗ್ಗ ನಿಯೋಪ್ರೀನ್ ಅಂಗೈಯನ್ನು ಬೇಗ ತಿನ್ನುತ್ತದೆ, ಹಾಗಾಗಿ ಇಳಿಯುವಾಗ ಮೇಲೊಂದು ತೆಳು ಚರ್ಮದ ಕೈಗವಸು.

ಹಗ್ಗದ ತುದಿ:

ನೀರ್ಗಂಟು ಅವರ ಮಾತಿಗೆ ಒಂದು ಸೇರ್ಪಡೆ, ಎಲ್ಲರೂ ಮರೆಯುವಂಥದ್ದು. ಹಾರ್ನೆಸ್ಸನ್ನು ಸೂಟಿನ ಮೇಲೆ ತೊಟ್ಟು ಮೊದಲೇ ನೋಡಿ, ಸೊಂಟದ ಪಟ್ಟಿ ಸಾಕಷ್ಟು ಉದ್ದ ಇದೆಯೇ, ಬಕಲ್ ದಾಟಿ ಒಂದು ಗೇಣಿನಷ್ಟಾದರೂ ಉಳಿಯುತ್ತದೆಯೇ ಅಂತ. ಆಮೇಲೆ ಕ್ಯಾನ್ಯನ್ ಮಧ್ಯದಲ್ಲಿ ಸೂಟ್ ಬಿಚ್ಚಿದಾಗ, ಅಥವಾ ಜಾಕೆಟ್ ತೆಗೆದಾಗ, ಅದೇ ಹಾರ್ನೆಸ್ ಸಡಿಲವಾಗಿರುತ್ತದೆ. ಸೊಂಟದ ಮೂಳೆಯಿಂದ ಕೆಳಗೆ ಜಾರುವಂತಿದ್ದರೆ ತಲೆಕೆಳಗಾದಾಗ ಮನುಷ್ಯ ಹೊರಗೆ ಬೀಳಬಹುದು. ಬಟ್ಟೆಯ ಪದರ ಬದಲಾದಾಗಲೆಲ್ಲ ಬಕಲ್ ಮತ್ತೆ ಎಳೆಯಬೇಕು, ಜೊತೆಯವರು ಕೈ ಹಾಕಿ ನೋಡಬೇಕು.

ತೇಲುವುದರ ಬಗ್ಗೆಯೂ: 5 ಮಿ.ಮೀ. ಪೂರ್ತಿ ಸೂಟ್ ಹಲವು ಕಿಲೋ ತೂಕವನ್ನು ತೇಲಿಸುತ್ತದೆ. ಚೀಲ ಎಳೆದುಕೊಂಡು ಈಜಲು ಅದು ವರ. ಆಳದ ಹೊಂಡದಲ್ಲಿ ಒಬ್ಬರ ಭುಜದ ಮೇಲೆ ಇನ್ನೊಬ್ಬರು ಹತ್ತಿ ತುಟಿ ಹಿಡಿಯುವ ಉಪಾಯ ಮಾತ್ರ ನಡೆಯದು, ಕೆಳಗಿನವರ ಕಾಲು ನೆಲಕ್ಕೆ ಸಿಗುವುದಿಲ್ಲ. ಇಮ್ಲೇಗೆ ಹೋಗುವುದಾದರೆ ಕೊಕ್ಕೆಗಳು ಮತ್ತು ಅಂಚಿನಾಚೆ ಎಸೆಯುವ ಮರಳುಚೀಲ ಒಯ್ಯುವುದು ಇದಕ್ಕೇ.

ಮಡುವಿನಂಚು:

5 ಮಿ.ಮೀ. ಡೈವಿಂಗ್ ಸೂಟ್ ಗಟ್ಟಿ ಅನ್ನುವುದು ಸರಿಯೇ, ಹಗ್ಗದ ತುದಿ ಅವರೇ. ಸಬ್‌ವೇಗೆ ನಡೆಯುವ ದಾರಿ ಉದ್ದ, ನೀರಿನ ಭಾಗ ಕಡಿಮೆ. ಅಲ್ಲಿ ಆ ಬಿಗಿಯಲ್ಲಿ ಬಂಡೆ ಹತ್ತಿ ಇಳಿದು ಸುಸ್ತಾಗುವುದೂ ಒಂದು ಅಪಾಯವೇ. ಪೈನ್ ಕ್ರೀಕ್, ಇಮ್ಲೇ ಮುಖ್ಯ ಅನ್ನುವುದಾದರೆ ನಿಮ್ಮ ಆಯ್ಕೆಗೆ ನನ್ನ ತಕರಾರಿಲ್ಲ.

ಯಾವುದೇ ಆಗಲಿ, ಕಾರಿನಿಂದಲೇ ತೊಟ್ಟು ಹೊರಡಬೇಡಿ. ಒಣಗಿದ 4/3 ಸೂಟ್ ಒಂದೂವರೆಯಿಂದ ಎರಡು ಕಿಲೋ; ಡ್ರೈ ಬ್ಯಾಗಿನಲ್ಲಿ ಹೊತ್ತು, ಮೊದಲ ನೀರಿಗೆ ಸ್ವಲ್ಪ ಮುಂಚೆ ನೆರಳಲ್ಲಿ, ಬೆವರು ಆರಿದ ಮೇಲೆ ಹಾಕಿಕೊಳ್ಳಿ. ಬಿಸಿಲಲ್ಲಿ ಸೂಟ್ ತೊಟ್ಟು ನಡೆದವರು ನೀರಿಗೆ ಇಳಿಯುವ ಹೊತ್ತಿಗೆ ಬಳಲಿ, ಬಾಯಾರಿ ಇರುತ್ತಾರೆ, ಅಂಥವರಿಗೇ ಚಳಿ ಬೇಗ. ಹಾಗೆಂದು ಮೊದಲ ಹೊಂಡದ ಅಂಚಿಗೆ ಬಂದ ಮೇಲೆ ಜಾಗ ಹುಡುಕಬೇಡಿ, ಅಲ್ಲಿ ಒಂಟಿಕಾಲಲ್ಲಿ ನಿಲ್ಲಲೂ ಎಡೆ ಇರದು.

ಚಳಿಯ ಗುರುತು ಗುಂಪಿನ ಎಲ್ಲರಿಗೂ ಗೊತ್ತಿರಲಿ. ತುಂಬ ತಣ್ಣಗಿನ ನೀರಿಗೆ ಬಿದ್ದ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗದೆ ಏದುಸಿರು ಬರುತ್ತದೆ, ಆಗ ತಲೆ ಮೇಲಿದ್ದರೆ ಸಾಕು. ಸೂಟ್ ಇಲ್ಲದವರಿಗೆ ಹತ್ತು ನಿಮಿಷದಷ್ಟರಲ್ಲಿ ಬೆರಳು ಮಾತು ಕೇಳುವುದು ನಿಲ್ಲುತ್ತದೆ. ಮೈಯೊಳಗಿನ ಶಾಖ ಇಳಿಯುವುದು ಆಮೇಲೆ. ಎಡವುವುದು, ತೊದಲುವುದು, ಕೈಯಿಂದ ಸಾಮಾನು ಬೀಳಿಸುವುದು, ಸುಮ್ಮಸುಮ್ಮನೆ ಸಿಡುಕುವುದು, ಇವು ಕಂಡರೆ ಆ ವ್ಯಕ್ತಿ "ನಾನು ಚೆನ್ನಾಗಿದ್ದೇನೆ" ಎಂದರೂ ನಂಬಬೇಡಿ. ಮುಂದಿನ ರಾಪೆಲ್‌ಗೆ ಅವರನ್ನು ಮೊದಲೂ ಕೊನೆಗೂ ಇಳಿಸಬೇಡಿ, ಮಧ್ಯದಲ್ಲಿ ಇಳಿಸಿ. ಸಿಹಿ ತಿನ್ನಲು ಕೊಡಿ, ಜಾಕೆಟ್ ಹಾಕಿಸಿ, ನಿಂತಲ್ಲೇ ಕುಕ್ಕರಿಸಿ ಏಳಿಸಿ. ನಡುಗುತ್ತಿದ್ದವರ ನಡುಕ ಬೆಚ್ಚಗಾಗದೆಯೇ ನಿಂತರೆ ಅದು ಒಳ್ಳೆಯ ಸುದ್ದಿಯಲ್ಲ.

ಕಲ್ಲುಸಂದಿ:

ಹಾಗಾದರೆ ಎರಡು ತುಂಡಿನ 5 ಮಿ.ಮೀ. ಹುಡುಕುತ್ತೇನೆ, ಜೊತೆಗೆ ಗಾಳಿ ಜಾಕೆಟ್. ಗುಂಪಿನ ಇಬ್ಬರು ಬಾಡಿಗೆಗೆ ತೆಗೆದುಕೊಳ್ಳುವವರಿದ್ದಾರೆ. ಬಾಡಿಗೆ ಸೂಟಿನಲ್ಲಿ ಏನು ನೋಡಬೇಕು? ದಾರಿಯಲ್ಲಿ ಹರಿದರೆ?

ನೀರ್ಗಂಟು:

ಬಾಡಿಗೆ ಸೂಟಿನ ಮೇಲೆ 5 ಎಂದು ಬರೆದಿದ್ದರೂ ಹಳೆಯದಾದರೆ ಗುಳ್ಳೆಗಳು ಕುಸಿದು ತೆಳುವಾಗಿರುತ್ತದೆ. ಎದೆಯ ಮೇಲೆ ಮತ್ತು ಭುಜದ ಮೇಲೆ ಎರಡು ಬೆರಳಲ್ಲಿ ಚಿವುಟಿ ಹೋಲಿಸಿ. ಚೀಲದ ಪಟ್ಟಿ ಕೂರುವ ಭುಜ ಬಹಳ ತೆಳು ಅನ್ನಿಸಿದರೆ, ಒತ್ತಿದ ಗುರುತು ಹಾಗೇ ಉಳಿದರೆ ಬೇರೆ ಕೇಳಿ. ಆಸನ, ಮೊಣಕಾಲನ್ನು ಬೆಳಕಿಗೆ ಹಿಡಿದು ಸಣ್ಣ ತೂತು ನೋಡಿ. ಜಿಪ್ ಹತ್ತು ಸಲ ಎಳೆದು ನೋಡಿ. ಮರಳು ಸಿಕ್ಕಿದ್ದರೆ ಬ್ರಶ್ಶಿನಲ್ಲಿ ಉಜ್ಜಿ ಮೇಣ ಸವರಿಸಿ. ಮಣಿಕಟ್ಟು, ಕಾಲ ತುದಿ ಜೋತು ಬಿದ್ದಿದ್ದರೆ ನೀರು ಅಲ್ಲಿಂದಲೇ.

ಕ್ಯಾನ್ಯನ್ ಒಳಗೆ ಹರಿದರೆ ಒದ್ದೆ ನಿಯೋಪ್ರೀನಿಗೆ ಯಾವ ಟೇಪೂ ಅಂಟದು. ಡಕ್ಟ್ ಟೇಪನ್ನು ತೊಡೆಯ ಸುತ್ತ ಪೂರ್ತಿ ಎರಡು ಸುತ್ತು ತಂದು ಟೇಪಿನ ಮೇಲೆಯೇ ಟೇಪ್ ಅಂಟುವಂತೆ ಮಾಡಿ, ರಕ್ತ ಓಡಾಟ ನಿಲ್ಲುವಷ್ಟು ಬಿಗಿ ಬೇಡ. ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಹರಿದ ಎರಡೂ ಅಂಚಿಗೆ ನಿಯೋಪ್ರೀನ್ ಅಂಟು ತೆಳ್ಳಗೆ ಸವರಿ, ಒಣಗಿದ ಮೇಲೆ ಇನ್ನೊಂದು ಪದರ ಸವರಿ, ಕೈಗೆ ಜಿಗುಟು ಹತ್ತುವ ಹಂತ ಬರುವವರೆಗೆ ಐದರಿಂದ ಹತ್ತು ನಿಮಿಷ ಬಿಟ್ಟು, ಅಂಚಿಗೆ ಅಂಚು ಒತ್ತಿ. ಒಂದು ಹಗಲು ಒಂದು ರಾತ್ರಿ ಮುಟ್ಟಬೇಡಿ. ಅಂಟಿಸದೆ ಸೂಜಿದಾರ ಹಾಕಿದರೆ ಹೊಲಿಗೆಯ ತೂತುಗಳ ಗುಂಟ ಮತ್ತೆ ಹರಿಯುತ್ತದೆ. ಆಸನಕ್ಕೆ, ಮೊಣಕಾಲಿನ ಮುಂಭಾಗಕ್ಕೆ ಅಕ್ವಾಸೀಲ್‌ನಂಥ ಯೂರಿಥೇನ್ ಅಂಟನ್ನು ಮುಂಚೆಯೇ ತೆಳ್ಳಗೆ ಬಳಿದಿಟ್ಟರೆ ಸವೆತ ತಡೆಯುತ್ತದೆ. ಮಂಡಿಯ ಹಿಂಭಾಗಕ್ಕೆ ಬಳಿಯಬೇಡಿ, ಮಡಚಲು ಬರದು. ಒಣಗಿಸುವಾಗ ಮೊದಲು ಒಳಮೈ ಹೊರಗೆ ಮಾಡಿ, ನೆರಳಲ್ಲಿ, ಸೊಂಟದಲ್ಲಿ ಮಡಚಿ ದಪ್ಪ ಕೋಲಿನ ಮೇಲೆ ಹಾಕಿ. ತೆಳು ತಂತಿಯ ಹ್ಯಾಂಗರ್‌ಗೆ ಒದ್ದೆ ಸೂಟ್ ನೇತುಹಾಕಿದರೆ ಭುಜದ ನಿಯೋಪ್ರೀನ್ ಹಿಗ್ಗಿ ಅಲ್ಲಿ ಗೆರೆ ಬೀಳುತ್ತದೆ.